ಮಾದಮ್ಮನ ಕಫದ ಡಬ್ಬಿ

ಮಾರ್ಟಳ್ಳಿಯ ಕ್ಷಯರೋಗ ಶಿಬಿರಕ್ಕೆ ಹೆಸರು ಕೊಟ್ಟವರು ಹನ್ನೆರಡು ಜನ. ಬೆಳಿಗ್ಗೆ ಆರಕ್ಕೆ ಮೈಸೂರಿನ ಬಸ್ ನಿಲ್ದಾಣಕ್ಕೆ ಬಂದವನು ನಾನೊಬ್ಬನೇ. ಆಗ ಮೆಡಿಕಲ್ ಮೂರನೇ ವರ್ಷದಲ್ಲಿದ್ದೆ, ವಿದ್ಯಾರ್ಥಿ ಸಂಘದ ಕಾರ್ಯದರ್ಶಿ ಬೇರೆ. ಸೋಂಕು ರೋಗಗಳ ಹುಚ್ಚು ನನ್ನದು, ಸಂಘದಲ್ಲಿ ಭಾಷಣ ಬಿಗಿದವನೂ ನಾನೇ. ಹಾಗಾಗಿ ಕಫದ ಡಬ್ಬಿಗಳ ಚೀಲವನ್ನೂ ನಾನೇ ಹೊತ್ತೆ. ಕೊಳ್ಳೇಗಾಲದಲ್ಲಿ ಇಡ್ಲಿ, ಹನೂರಿನಲ್ಲಿ ಇನ್ನೊಂದು ಬಸ್, ಆಮೇಲೆ ಬರೀ ಧೂಳು. ಮಾರ್ಟಳ್ಳಿಯಲ್ಲಿ ಇಳಿಯುವಾಗ ಸೊಂಟ ಹಿಡಿದುಕೊಂಡಿತ್ತು.

ಸಂಜೆ ಮನೆಮನೆ ತಿರುಗಿ, ಬಹಳ ದಿನದಿಂದ ಕೆಮ್ಮುತ್ತಿದ್ದವರಿಗೆಲ್ಲ ಡಬ್ಬಿ ಕೊಟ್ಟೆ. ಬೆಳಿಗ್ಗೆ ಎದ್ದ ತಕ್ಷಣ ಕೆಮ್ಮಿ, ಕಫ ಉಗುಳಿ ತನ್ನಿ ಎಂದೆ. ನನಗೆ ಹೆಚ್ಚು ಚಿಂತೆಯಾಗಿದ್ದು ಮಾದಮ್ಮನದು. ಇಪ್ಪತ್ತೈದರ ಹೆಂಗಸು, ಎಲುಬು ಎಣಿಸಬಹುದಿತ್ತು, ಕಂಕುಳಲ್ಲಿ ಮಗು.

ಮರುದಿನ ಅವಳು ತಂದ ಡಬ್ಬಿ ತೊಳೆದು ಥಳಥಳ ಎನ್ನುತ್ತಿತ್ತು. ಒಳಗೆ ಹುರಳಿಕಾಳು.

“ಕಫ ಎಲ್ಲಮ್ಮ?”

“ಎಂಜ್ಲ ನಿಮ್ ಕೈಗೆ ಕೊಡಾದಾ ಸಾ? ಬರಿ ಡಬ್ಬಿ ವಾಪಸ್ ಕೊಡ್ಬಾರ್ದು ಅಂತ ಕಾಳು ಆಕಿವ್ನಿ.”

ಸಿಟ್ಟು ಬಂತು, ನಾಚಿಕೆಯೂ ಆಯಿತು. ಉಳಿದವರ ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಳ್ಳುವಷ್ಟರಲ್ಲಿ ನಾನು ವಾಪಸ್ ಹೊರಡಬೇಕಿದ್ದ ಬಸ್ ಬಂತು. ಯಳಂದೂರಿನಾಚೆ ಬೆಟ್ಟದ ಕಾಫಿ ತೋಟಕ್ಕೆ ಕೂಲಿಗೆಂದು ಅವಳೂ ಅದೇ ಬಸ್ ಹತ್ತಿದಳು. ದಾರಿಯುದ್ದಕ್ಕೂ ರೋಗಾಣುಗಳ ಬಗ್ಗೆ ಉಪದೇಶ ಮಾಡಿದೆ. ಹನೂರು ದಾಟುವ ಹೊತ್ತಿಗೆ ನನ್ನ ಗಂಟಲೇ ಕಟ್ಟಿತು. ಅವಳು ಕಿಟಕಿಯಾಚೆ ನೋಡುತ್ತ ಕೆಮ್ಮುತ್ತಿದ್ದಳು.

ಕೊಳ್ಳೇಗಾಲದಲ್ಲಿ ಇಳಿದಾಗ ಅವಳು ಹತ್ತಬೇಕಿದ್ದ ಯಳಂದೂರಿನ ಬಸ್ ಹೊರಡಲು ನಿಂತಿತ್ತು. ನನಗೆ ಮಾತು ಸಾಕಾಗಿತ್ತು. ಒಂದು ಡಬ್ಬಿಗೆ ನಾನೇ ಉಗುಳಿ, ಮುಚ್ಚಳ ಹಾಕಿ, ಅಂಗೈ ಮೇಲಿಟ್ಟುಕೊಂಡು ಅವಳ ಮುಂದೆ ನಿಂತೆ.

“ಡಾಕ್ಟ್ರೇ ಇಂಗ್ ಮಾಡುದ್ರೆ,” ಎಂದು ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು. “ಕೊಡಿ ಇನ್ನೊಂದ. ಮಗಿನ ಇಡ್ಕಳಿ ಸಾ.”

ಗೋಡೆಯ ಮರೆಯಲ್ಲಿ ಅವಳು ಕೆಮ್ಮುವುದು ಕೇಳುತ್ತಿತ್ತು. ಕಂಡಕ್ಟರ್ ಸೀಟಿ ಊದಿದ. ಡಬ್ಬಿ ನನ್ನ ಕೈಗಿಟ್ಟು, ಮಗುವನ್ನು ಎತ್ತಿಕೊಂಡು, ಓಡಿಹೋಗಿ ಬಸ್ ಹತ್ತಿದಳು. ಗೆದ್ದೆ ಎಂದುಕೊಂಡೆ. ಮೈಸೂರಿನವರೆಗೂ ನಿದ್ದೆ ಹೊಡೆದೆ.

ಕಾಲೇಜಿನ ಲ್ಯಾಬಿನಲ್ಲಿ ಅವಳ ಕಫದ ಸ್ಲೈಡ್ ನೋಡಿದಾಗ ಅದರ ತುಂಬ ಕೆಂಪು ಕಡ್ಡಿಗಳಂಥ ಕ್ಷಯದ ರೋಗಾಣುಗಳು. ಅಲ್ಲಿಯವರೆಗೆ ಪುಸ್ತಕದಲ್ಲಷ್ಟೇ ಕಂಡಿದ್ದೆ. ಒಂದು ಕ್ಷಣ ಖುಷಿಯೇ ಆಯಿತು. ಅದಕ್ಕೆ ಈಗಲೂ ನಾಚುತ್ತೇನೆ. ಡಬ್ಬಿಯ ಚೀಟಿ ಓದಿದೆ. ಮಾದಮ್ಮ, ಇಪ್ಪತ್ತೈದು, ಮಾರ್ಟಳ್ಳಿ. ನನ್ನದೇ ಅಕ್ಷರ. ಯಾವ ತೋಟಕ್ಕೆ ಹೋಗುತ್ತೀಯ ಎಂದು ನಾನು ಕೇಳಿಯೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಯಳಂದೂರಿನ ಬಸ್ ಹತ್ತಿದೆ. ಈ ಸಲ ಸಂಘದಲ್ಲಿ ಯಾರಿಗೂ ಹೇಳಲಿಲ್ಲ. ಬೆಟ್ಟದಲ್ಲಿ ಕಾಫಿ ತೋಟ ಎಲ್ಲಿ ಬರುತ್ತದೆ ಎಂದು ಕಂಡಕ್ಟರನ್ನು ಕೇಳಿದೆ.

“ಯಾವ್ ತೋಟ ಸಾ? ಬೇಕಾದಷ್ಟವೆ,” ಎಂದು ಟಿಕೆಟ್ ಹರಿದು ಕೊಟ್ಟ.