ಗುರುವಾರದ ನರ್ಸಬಾಯಿ

ನರ್ಸಬಾಯಿಯ ಬೆರಳುಗಳು ಯಾವಾಗಲೂ ತಣ್ಣಗಿರುತ್ತಿದ್ದವು. ಮಂಜುಗಡ್ಡೆ ತುಂಬಿದ ಲಸಿಕೆ ಡಬ್ಬಿಯೊಳಗೆ ಹೊತ್ತೆಲ್ಲ ಕೈಯಾಡಿಸುವವರ ಬೆರಳು ಇನ್ನು ಹೇಗಿರಬೇಕು? ಕೂಸನ್ನು ಮುಟ್ಟುವ ಮೊದಲು ಅವರು ಅಂಗನವಾಡಿಯ ಹೊಸ್ತಿಲ ಮೇಲೆ ಬಿದ್ದ ಬಿಸಿಲಿಗೆ ಎರಡೂ ಅಂಗೈ ಒಡ್ಡಿ ನಿಲ್ಲುತ್ತಿದ್ದರು. ಸರದಿಯಲ್ಲಿ ಕೂತ ತಾಯಂದಿರು ಅವಸರ ಮಾಡಿದರೆ, "ತಣ್ಣನ ಕೈ ಹತ್ತಿದ್ರ ಸೂಜಿಗಿಂತ ಮೊದಲ ಕೂಸು ಬೆಚ್ಚತೈತಿ, ತಡೀರಿ" ಅನ್ನುತ್ತಿದ್ದರು.

ಕಿತ್ತೂರಿನಿಂದ ದೇಗಾಂವದ ಕಡೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ನಮ್ಮ ಊರು. ನಾನು ಬೈಲಹೊಂಗಲದಿಂದ ಸೊಸೆಯಾಗಿ ಬಂದವಳು. ನಮ್ಮ ಮನೆಯ ಎದುರಿಗೇ ಅಂಗನವಾಡಿ. ತಿಂಗಳಿಗೊಂದು ಗುರುವಾರ ನರ್ಸಬಾಯಿ ಹೆಗಲಿಗೆ ಡಬ್ಬಿ ನೇತುಹಾಕಿಕೊಂಡು, ರಸ್ತೆಯಲ್ಲಿ ಬಸ್ಸಿಳಿದು ನಡೆದು ಬರುತ್ತಿದ್ದರು. ಐವತ್ತರ ಆಸುಪಾಸಿನ ಹೆಂಗಸು. ತುಸು ಕುಳ್ಳು. ಹೆರಳಲ್ಲಿ ಒಂದು ಎಳೆ ಅಬ್ಬಲಿಗೆ ಹೂವು ಇದ್ದೇ ಇರುತ್ತಿತ್ತು.

ನನ್ನ ಮಗಳಿಗೆ ಒಂದೂವರೆ ತಿಂಗಳಾದಾಗ ಮೊದಲ ಸಲ ಅವರೆದುರು ಕುಳಿತೆ. ತೊಡೆಗೆ ಸೂಜಿ ತಾಗಿದ ಕೂಡಲೇ ಕೂಸು ಅಳಲಿಲ್ಲ. ಬಾಯಿ ತೆರೆಯಿತು, ಮುಖ ಕೆಂಪಾಯಿತು, ದನಿ ಮಾತ್ರ ಹೊರಡಲಿಲ್ಲ. ಆಮೇಲೆ ಅದು ಅತ್ತಿತು ನೋಡಿ, ಅದರ ಜೊತೆ ನಾನೂ ಅತ್ತುಬಿಟ್ಟೆ.

"ಇಬ್ಬರನ್ನ ಸಂತೈಸಾಕ ನನಗ ಆಗೂದಿಲ್ಲ ತಂಗಿ," ಎಂದರು ನರ್ಸಬಾಯಿ. "ಮೊದಲ ನೀ ಸುಮ್ನಾಗು. ಎದಿಗೆ ಹಚ್ಚಿ ಹಾಲು ಕುಡಸು. ನಿನ್ನ ಎದಿ ಬಡಿಯೂದು ಸಾವಕಾಶ ಆದ್ರ ಅದೂ ಸುಮ್ನಾಗತೈತಿ."

ಅರ್ಧ ತಾಸು ಅಲ್ಲಿಂದ ಏಳಗೊಡಲಿಲ್ಲ. ಏಳುವಾಗ ಹೇಳಿದರು: ಸಂಜೆಯೊಳಗೆ ಮೈ ಬಿಸಿಯಾಗಬಹುದು, ತೊಡೆ ಬಾತುಕೊಳ್ಳಬಹುದು. ಚುಚ್ಚಿದಲ್ಲಿ ತಿಕ್ಕಬಾರದು, ಏನನ್ನೂ ಹಚ್ಚಬಾರದು, ತಣ್ಣೀರಿನ ಬಟ್ಟೆ ಇಟ್ಟರೆ ಸಾಕು. ಜ್ವರದ ಔಷಧ ತಾವು ಹೇಳಿದಷ್ಟೇ. ಅಳು ಮೂರು ತಾಸಾದರೂ ನಿಲ್ಲದಿದ್ದರೆ ದವಾಖಾನೆಗೆ.

ನಾನು ಎಲ್ಲಕ್ಕೂ ತಲೆಯಾಡಿಸಿ ಮನೆಗೆ ಬಂದೆ. ಮಧ್ಯಾಹ್ನ ಜ್ವರ ಬಂತು. ನಮ್ಮತ್ತೆ ಗಾಬರಿಯಾಗಿ ಕೂಸಿಗೆ ಕೌದಿಯ ಮೇಲೆ ಕೌದಿ ಹೊದಿಸಿ, ಅರಿಶಿನ ಬಿಸಿ ಮಾಡಿ ತೊಡೆಗೆ ಮೆತ್ತಲು ಹೊರಟರು. ಬೇಡ ಅನ್ನುವ ಧೈರ್ಯ ನನಗಿರಲಿಲ್ಲ. ಊರೊಳಗೆ ಮನೆಮನೆ ತಿರುಗಿ ನೋಡಿಕೊಂಡು ನರ್ಸಬಾಯಿ ನಮ್ಮ ಪಡಸಾಲೆಗೆ ಬಂದದ್ದು ಅದೇ ಹೊತ್ತಿಗೆ.

"ಅವ್ವಾರ, ನಿಮಗ ಜ್ವರ ಬಂದಾಗ ಮೂರು ಕೌದಿ ಹೊಚ್ಚಿ, ಮ್ಯಾಲ ನಾನೂ ಕುಂತ್ರ ಹೆಂಗಾದೀತು?"

ಅತ್ತೆಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕೌದಿ ತೆಗೆದರು. ನರ್ಸಬಾಯಿ ಕೂಸಿಗೆ ತೆಳ್ಳನೆಯ ಅಂಗಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಬಿಚ್ಚಿಸಿದರು. ಆ ಕಾಲು ಅಲುಗದ ಹಾಗೆ ಎತ್ತಿಕೊಳ್ಳುವುದು ಹೇಗೆಂದು ನನಗಲ್ಲ, ಅತ್ತೆಗೆ ತೋರಿಸಿಕೊಟ್ಟರು. ಅಂದಿನಿಂದ ನಮ್ಮ ಓಣಿಯಲ್ಲಿ ಯಾವ ಕೂಸಿಗೆ ಸೂಜಿಯಾದರೂ ಕೌದಿ ತೆಗೆಸಲು ಓಡುತ್ತಿದ್ದವರು ನಮ್ಮತ್ತೆಯೇ.

ನರ್ಸಬಾಯಿಗೆ ಒಂದು ಮಾತು ಕೇಳಿದರೆ ಸಿಟ್ಟು ಬರುತ್ತಿತ್ತು. ಹಟ ಮಾಡುವ ಮಕ್ಕಳಿಗೆ ತಾಯಂದಿರು "ಸುಮ್ನಿರು, ನರ್ಸಬಾಯಿ ಬಂದು ಸೂಜಿ ಮಾಡ್ತಾಳ" ಎಂದು ಹೆದರಿಸುವುದು. "ನನ್ನ ಹೆಸರ ಹೇಳಿ ಕೂಸಿಗೆ ಅಂಜಸಬ್ಯಾಡ್ರಿ. ನೋವ ಆಗೂದಿಲ್ಲಂತ ಸುಳ್ಳೂ ಹೇಳಬ್ಯಾಡ್ರಿ. ಚೂರು ನೋವಾಗತೈತಿ, ನಾ ಹಿಡಕೊಂಡೇನಿ ಅನ್ರಿ." ಐದು ವರ್ಷದ ಮಕ್ಕಳು ಸೂಜಿ ಹಾಕಿಸಿಕೊಂಡು, ಅತ್ತು, ಸಿಟ್ಟಾಗಿ, ಜೋಳದ ದಂಟು ತಂದು ಅವರ ತೋಳಿಗೆ ಚುಚ್ಚುತ್ತಿದ್ದವು. ಇವರು ಸೀರೆಯ ಸೆರಗು ಸರಿಸಿ, ತೋಳು ಕೊಟ್ಟು, "ಅಯ್ಯಯ್ಯವ್ವಾ!" ಎಂದು ನರಳುತ್ತಿದ್ದರು. ಮಕ್ಕಳು ನಕ್ಕು ಮನೆಗೆ ಹೋಗುತ್ತಿದ್ದವು.

ಸಾಲಿ ಕಲಿತವಳೆಂದು ನನ್ನ ಮೇಲೆ ಅವರಿಗೆ ಒಂದು ನಂಬಿಕೆ. ಯಾವ ಮನೆಯ ಕೂಸಿನ ಸರದಿ ಬಂದಿದೆಯೆಂದು ಹಿಂದಿನ ದಿನವೇ ನನಗೆ ಫೋನು ಮಾಡಿ ಹೇಳುತ್ತಿದ್ದರು. ನಾನು ಓಣಿ ಓಣಿ ತಿರುಗಿ ಕರೆದು ಬರುತ್ತಿದ್ದೆ.

ನನ್ನ ಮಗ ಹುಟ್ಟಿದ ವರ್ಷದ ಮಾತು. ಅವನಿಗೆ ಎರಡೂವರೆ ತಿಂಗಳ ಸೂಜಿ ಆದ ದಿನವೇ ಹಿಂದಿನ ಓಣಿಯ ಒಂದೂವರೆ ವರ್ಷದ ಹೆಣ್ಣುಕೂಸಿಗೂ ಆಯಿತು. ಅದರ ತಾಯಿ ಇನ್ನೂ ಚಿಕ್ಕವಳು, ಮನೆಯಲ್ಲಿ ಅವಳ ಮಾತು ನಡೆಯುತ್ತಿರಲಿಲ್ಲ. ಜ್ವರ ಏರಿದರೂ ಮನೆಯ ಹಿರಿಯರು ಔಷಧ ಕೊಡಗೊಡದೆ ಕೂಸನ್ನು ಬೆಚ್ಚಗೆ ಸುತ್ತಿಟ್ಟಿದ್ದರು. ಇಳಿಹೊತ್ತಿಗೆ ಕೂಸಿನ ಕಣ್ಣು ಮೇಲಾದವು, ಕೈಕಾಲು ಸೆಟೆದು ನಡುಗತೊಡಗಿದವು. ಕೂಗಾಟ ಕೇಳಿ ನಾನು ಓಡಿಹೋಗುವಷ್ಟರಲ್ಲಿ ಅಂಗಳದ ತುಂಬ ಜನ. ಒಬ್ಬರು ಕೈಗೆ ಕಬ್ಬಿಣದ ಕೀಲಿ ಹಿಡಿಸುತ್ತಿದ್ದರು, ಇನ್ನೊಬ್ಬರು ಹಲ್ಲಿನ ನಡುವೆ ಚಮಚ ತುರುಕುತ್ತಿದ್ದರು. ಬಸ್ಸಿಗೆ ಹೊರಟಿದ್ದ ನರ್ಸಬಾಯಿ ತಿರುಗಿ ಓಡಿಬಂದರು.

"ಬಾಯಾಗ ಏನೂ ಹಾಕಬ್ಯಾಡ್ರಿ! ಸರೀರಿ, ಗಾಳಿ ಬಿಡ್ರಿ!"

ಅವರ ದನಿ ಅಷ್ಟು ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಕೂಸನ್ನು ನೆಲದ ಮೇಲೆ ಮಗ್ಗುಲಾಗಿ ಮಲಗಿಸಿ, ಬಟ್ಟೆ ಸಡಿಲಿಸಿ, ತಲೆಗೆ ಕೈ ಆಸರೆ ಕೊಟ್ಟು ಕೂತರು. ಎರಡು ನಿಮಿಷವಿರಬೇಕು, ನಡುಕ ನಿಂತಿತು. ಟಂಟಂ ಗಾಡಿ ತರಿಸಿ, ತಾಯಿ-ಕೂಸನ್ನು ಕೂರಿಸಿಕೊಂಡು ತಾವೇ ಕಿತ್ತೂರಿನ ದವಾಖಾನೆಗೆ ಹೋದರು. ಜ್ವರ ನೆತ್ತಿಗೇರಿದಾಗ ಕೆಲವು ಮಕ್ಕಳಿಗೆ ಹೀಗಾಗುತ್ತದೆ, ಕೂಸಿಗೇನೂ ಆಗಿಲ್ಲ ಎಂದರು ಡಾಕ್ಟರು. ಮೂರನೆಯ ದಿನ ಅದು ಅಂಗಳದಲ್ಲಿ ಕೋಳಿಮರಿಯ ಹಿಂದೆ ಓಡುತ್ತಿತ್ತು.

ಊರಲ್ಲಿ ಓಡಾಡಿದ ಮಾತೇ ಬೇರೆ. ಸೂಜಿಯಿಂದಲೇ ಹೀಗಾಯಿತು, ನರ್ಸಬಾಯಿ ಕೂಸನ್ನು ಕೊಲ್ಲುತ್ತಿದ್ದಳು ಎಂದರು. ಹಾಗಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಆ ಸೆಟೆದ ಕೈಕಾಲು ನನ್ನ ಕಣ್ಣಿಂದ ಹೋಗಲೊಲ್ಲದು. ಮಗನ ತೊಡೆ ಮುಟ್ಟಿದಾಗಲೆಲ್ಲ ಅದೇ ನೆನಪಾಗುತ್ತಿತ್ತು.

ಮುಂದಿನ ತಿಂಗಳು ಗುರುವಾರ ಅವರು ಬಂದರು. ಹಿಂದಿನ ದಿನ ಅವರು ಮಾಡಿದ ಫೋನನ್ನು ನಾನು ಎತ್ತಿರಲಿಲ್ಲ. ಬಾಗಿಲು ಮುಂದೆ ಮಾಡಿ, ಕಿಟಕಿಯ ಸಂದಿಯಿಂದ ನೋಡಿದೆ. ಅಂಗನವಾಡಿಯಲ್ಲಿ ಡಬ್ಬಿ ಪಕ್ಕಕ್ಕಿಟ್ಟುಕೊಂಡು ಒಬ್ಬರೇ ಕೂತಿದ್ದರು. ಯಾರೂ ಬರಲಿಲ್ಲ. ಮಧ್ಯಾಹ್ನ ಎದ್ದು ಬಂದು ನಮ್ಮ ಬಾಗಿಲು ಬಡಿದು ನೀರು ಕೇಳಿದರು. ನಾನು ಒಳಗೆ ನಿಂತು, ಮನೆಯಲ್ಲಿಲ್ಲವೆಂದು ಹೇಳಿರೆಂದು ಅತ್ತೆಗೆ ಕೈಸನ್ನೆ ಮಾಡಿದೆ.

"ನನ್ನ ಸೊಸಿ ತವರಮನಿಗೆ ಹೋಗ್ಯಾಳ್ರಿ," ಎಂದರು ಅತ್ತೆ, ತಂಬಿಗೆ ಕೊಡುತ್ತ.

ಅದೇ ಹೊತ್ತಿಗೆ ನನ್ನ ಕಂಕುಳಲ್ಲಿದ್ದ ಮಗ ಅಳತೊಡಗಿದ. ಬಾಯಿ ಮುಚ್ಚಿಸಲಾದೀತೇ? ಹೊರಗೆ ನೀರು ಕುಡಿದು ತಂಬಿಗೆ ಕೆಳಗಿಟ್ಟ ಸಪ್ಪಳ ಕೇಳಿಸಿತು.

"ಕೂಸು ಎದ್ದೈತ್ರಿ ಅವ್ವಾರ. ಹಸದೈತಿ ಕಾಣತೈತಿ," ಎಂದರು ನರ್ಸಬಾಯಿ. ಅಂಗನವಾಡಿಗೆ ತಿರುಗಿ ಹೋದರು.

ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಆ ತಿಂಗಳು ಕಳೆದದ್ದು ಹೇಗೆಂದು ಹೇಳಲಾರೆ. ಮುಂದಿನ ಗುರುವಾರದ ಹಿಂದಿನ ದಿನ, ಫಿಟ್ಸ್ ಬಂದಿದ್ದ ಕೂಸಿನ ತಾಯಿ ನಮ್ಮ ಹಿತ್ತಲ ಬಾಗಿಲಿಗೆ ಬಂದಳು. "ಅಕ್ಕಾರ, ನರ್ಸಬಾಯಾರು ಇರಲಿಲ್ಲಂದ್ರ ನನ್ನ ಕೂಸಿನ ಬಾಯಿ ಹರದ ಹಾಕತಿದ್ರು. ಇದನ್ನ ನಾ ಅಂದ್ರ ಯಾರೂ ಕೇಳೂದಿಲ್ಲ. ನೀವು ಓದಿದಾರು. ನೀವ ಯಾಕ ಸುಮ್ನ ಕುಂತ್ರಿ?"

ಮರುದಿನ ಡಬ್ಬಿಯ ಮುಚ್ಚಳ ತೆರೆಯುವ ಮೊದಲೇ ಮಗನನ್ನೆತ್ತಿಕೊಂಡು ಹೋಗಿ ಕೂತೆ. ನಾನು ಹೋದದ್ದನ್ನು ನೋಡಿ ಓಣಿಯಿಂದ ಒಬ್ಬೊಬ್ಬರೇ ಬಂದರು. ನರ್ಸಬಾಯಿ ಲಸಿಕೆಯ ದಿನಗಳನ್ನು ಬರೆದ ತಾಯಿ ಕಾರ್ಡು ನೋಡಿ, "ತಡಾ ಆದ್ರೂ ನಡೀತೈತಿ, ಮೊದಲಿಂದ ಶುರು ಮಾಡೂದ ಬ್ಯಾಡ," ಎಂದರು. ಸೂಜಿಯಾಗಿ ಮಗ ಚೀರುವಾಗ ನಾನು, "ಬಾಯಾರ, ಹೋದ ತಿಂಗಳ ನಾನು..." ಎಂದು ಬಾಯಿ ತೆರೆದೆ.

"ಮೊದಲ ಹಾಲು ಕುಡಸು ತಂಗಿ. ಮಾತ ಆಮ್ಯಾಲ."

ಆ 'ಆಮ್ಯಾಲ' ಬರಲೇ ಇಲ್ಲ. ಅದಾಗಿ ಕೆಲವೇ ತಿಂಗಳಲ್ಲಿ ಅವರಿಗೆ ರಾಮದುರ್ಗದ ಕಡೆ ವರ್ಗವಾಯಿತು. ಹಬ್ಬಕ್ಕೆ ಫೋನು ಮಾಡಿದಾಗಲೆಲ್ಲ ಅವರು ಕೇಳುತ್ತಿದ್ದುದು ಮಕ್ಕಳನ್ನೇ. ಇವನ ಹಲ್ಲು, ಇವಳ ಸಾಲಿ, ಹಿಂದಿನ ಓಣಿಯ ಆ ಹುಡುಗಿ. ಅವರ ಬಗ್ಗೆ ನಾನು ಏನು ಕೇಳಿದ್ದೆ? ಮದುವೆಯಾಗಿತ್ತೋ ಇಲ್ಲವೋ, ಮನೆಯಲ್ಲಿ ಯಾರಿದ್ದಾರೋ, ಏನೂ ಗೊತ್ತಿರಲಿಲ್ಲ. ಒಮ್ಮೆ ಹೋಗಿ ಬರಬೇಕು, ಎದುರಿಗೆ ಕೂತು ಹೇಳಬೇಕು ಎಂದುಕೊಳ್ಳುತ್ತಲೇ ವರ್ಷಗಳು ಹೋದವು.

ಹೋದ ಚಳಿಗಾಲದಲ್ಲಿ ಅಂಗನವಾಡಿ ನಡೆಸುವ ಅಕ್ಕಾರು ಸುದ್ದಿ ತಂದರು. ನಿವೃತ್ತಿಯಾಗಿ ತೊರಗಲ್‌ನಲ್ಲಿ ತಂಗಿಯ ಮನೆಯಲ್ಲಿದ್ದರಂತೆ. ಮಲಗಿದವರು ಏಳಲಿಲ್ಲವಂತೆ. ಬೈಲಹೊಂಗಲ, ಸವದತ್ತಿ, ರಾಮದುರ್ಗ ಎಂದು ಬಸ್ಸು ಬದಲಿಸುತ್ತ ನಾನು ಹೋದಾಗ ಹದಿನೈದು ದಿನ ಕಳೆದಿತ್ತು.

ಊರಿನ ಹೆಸರು ಹೇಳಿದ ಕೂಡಲೇ ಅವರ ತಂಗಿ ನನ್ನ ಕೈ ಹಿಡಿದುಕೊಂಡರು. "ಇಡೀ ಊರ ಬಾಗಲಾ ಹಾಕ್ಕೊಂಡಿದ್ದಾಗ ಎಲ್ಲಾರಕಿಂತ ಮೊದಲ ಕೂಸಿನ ತಗೊಂಡು ಬಂದಾಕಿ ನೀವ ಏನ್ರಿ? ಅಕ್ಕ ಎಷ್ಟ ಸಲ ಹೇಳ್ಯಾಳ!"

ನನಗೆ ತಡೆಯಲಾಗಲಿಲ್ಲ. ಅದಕ್ಕೂ ಹಿಂದಿನ ತಿಂಗಳು ಬಾಗಿಲು ಹಾಕಿಕೊಂಡು ಒಳಗೆ ನಿಂತವಳೂ ನಾನೇ, ಮನೆಯಲ್ಲಿಲ್ಲವೆಂದು ಸುಳ್ಳು ಹೇಳಿಸಿದವಳೂ ನಾನೇ ಎಂದು ಎಲ್ಲ ಹೇಳಿಬಿಟ್ಟೆ.

ಅವರು ಹಿಡಿದ ಕೈ ಬಿಡಲಿಲ್ಲ. "ಅದನ್ನ ನಮ್ಮ ಮುಂದ ಅಕ್ಕ ಹೇಳೇ ಇಲ್ಲ ನೋಡ್ರಿ," ಎಂದರು.

ಚಹಾ ತರಲು ಅವರು ಒಳಗೆ ಹೋದರು. ಆರು ವರ್ಷ ಮನಸ್ಸಿನಲ್ಲಿಟ್ಟುಕೊಂಡದ್ದನ್ನು ಕೊನೆಗೂ ಬಾಯಿಬಿಟ್ಟು ಹೇಳಿದ್ದೆ. ಕೇಳಬೇಕಾದವರು ಮಾತ್ರ ಆ ಮನೆಯಲ್ಲಿರಲಿಲ್ಲ.