ಈಗ ನೀವು ಕೇಳ್ರಿ

ಸಮೀಕ್ಷೆಯ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಶಮೀಮಾ ಆಪಾ ಟ್ಯಾಬ್ ಆರಿಸಿ ಬ್ಯಾಗಿಗೆ ಹಾಕುತ್ತಿದ್ದರು. ಅಷ್ಟಕ್ಕೇ ಎದ್ದು ಬಂದಿದ್ದರೆ ನಮಗೆ ಬಸ್ಸಾದರೂ ಸಿಗುತ್ತಿತ್ತು. ಆದರೆ ಅವರು ಇನ್ನಷ್ಟು ಹಾಯಾಗಿ ಚಕ್ಕಳಮಕ್ಕಳ ಹಾಕಿ ಕೂತು ಮನೆಯವರಿಗೆ ಹೇಳುತ್ತಿದ್ದರು: "ಇಷ್ಟೊತ್ತು ನಾವು ಕೇಳಿದ್ವಿ. ಈಗ ನೀವು ಕೇಳ್ರಿ."

ಸಮೀಕ್ಷೆಗೆ ಹೋಗುವವರು ಯಾರೂ ಹೀಗೆ ಮಾಡುವುದಿಲ್ಲ. ಆಪಾ ಚಳ್ಳಕೆರೆಯ ಮೆಕ್ಯಾನಿಕ್ ಒಬ್ಬರ ಮಗಳು. ಮನೆಯಲ್ಲಿ ಉರ್ದು, ಹೊರಗೆ ಅಪ್ಪಟ ನಮ್ಮ ಸೀಮೆಯ ಕನ್ನಡ. ಡಿಗ್ರಿ ಮುಗಿಸಿ ಸಂಶೋಧನಾ ಸಂಸ್ಥೆಯೊಂದಕ್ಕೆ ಸೇರಿದ ನನ್ನನ್ನು ಕೆಲಸ ಕಲಿಯಲೆಂದು ಅವರ ಜೊತೆ ಹಾಕಿದ್ದರು. ಉಳಿದ ತಂಡಗಳು ಊರು ಮುಗಿಸಿ ಚಹಾ ಕುಡಿಯುವಾಗ ನಾವಿನ್ನೂ ಯಾರದೋ ಪಡಸಾಲೆಯಲ್ಲಿ ಉತ್ತರ ಕೊಡುತ್ತ ಕೂತಿರುತ್ತಿದ್ದೆವು. ಆಫೀಸಿನವರು ಬೈದರೆ ಆಪಾ ತಲೆಯಾಡಿಸುವರು, ಮರುದಿನ ಮತ್ತೆ ಅದೇ ರಾಗ.

ನನ್ನಿವಾಳ ಎಂಬ ಊರಿನಲ್ಲಿ ಶೇಂಗಾ ಬಿಡಿಸುತ್ತಿದ್ದ ಹೆಂಗಸೊಬ್ಬಳು ನನ್ನನ್ನೇ ನೋಡಿ, ಇದರಿಂದ ನಮಗೇನು ಸಿಗುತ್ತದೆ ಎಂದು ಕೇಳಿದಳು. ನಾನು ಆಪಾ ಕಡೆ ತಿರುಗಿದೆ. ಏನಾದರೂ ಸಿಗುತ್ತದೆಂದು ಹೇಳಲಾರೆ ಅಂತ ಆಪಾ ನೇರವಾಗಿಯೇ ಹೇಳಿದರು. ಹಿಂದಿರುಗುವ ಬಸ್ಸಿನಲ್ಲಿ ನಾನು, ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ, ಕೆಲಸ ಬಿಟ್ಟು ಬ್ಯಾಂಕ್ ಪರೀಕ್ಷೆ ಬರೆಯುತ್ತೇನೆ ಎಂದೆ. ಅವರು ಮಂಡಕ್ಕಿ ಪೊಟ್ಟಣವನ್ನು ನನ್ನತ್ತ ಸರಿಸಿದರು.

"ಬಿಡೋದಾದ್ರೆ ಬಿಡು ಬೇಟಾ. ಜವಾಬು ಸಿಗಲಿಲ್ಲ ಅಂತ ಮಾತ್ರ ಬಿಡಬ್ಯಾಡ. ನನಗೂ ಇನ್ನೂ ಸಿಕ್ಕಿಲ್ಲ. ಕೇಳಿದೋರ ಮುಂದೆ ಕೂತಿರಬೇಕು, ಸುಳ್ಳು ಹೇಳಬಾರದು. ನನಗೆ ಗೊತ್ತಿರೋದು ಅಷ್ಟೇ."

ಪರೀಕ್ಷೆಯನ್ನು ಮುಂದಿನ ಸಲ ನೋಡೋಣ ಎಂದುಕೊಂಡೆ.

ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಮನೆಯೊಂದರ ಅಜ್ಜಿ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಆಪಾಗೆ ಮಕ್ಕಳೆಷ್ಟು ಎಂದು ಕೇಳಿದರು. ನಾನಾಗಿದ್ದರೆ ಬಾಯಿಗೆ ಬಂದದ್ದು ಹೇಳಿ ಏಳುತ್ತಿದ್ದೆ.

"ಒಬ್ಬಳಿದ್ದಳು ಅಜ್ಜಿ. ಈಗಿಲ್ಲ," ಎಂದರು ಆಪಾ.

ಅಜ್ಜಿ ಅವರ ಕೈ ಹಿಡಿದುಕೊಂಡರು. ಒಳಗೆ ಮಗ್ಗದ ಸದ್ದು ನಡೆದೇ ಇತ್ತು. ಅಷ್ಟು ದಿನ ಜೊತೆಗೆ ತಿರುಗಿದ ನನಗೂ ಅದು ತಿಳಿದದ್ದು ಆಗಲೇ. ಅಳು ಬಂದದ್ದು ನನಗೆ, ಅವರಿಗಲ್ಲ.

ಹೋದ ಚಳಿಗಾಲ ಆಪಾ ತೀರಿಕೊಂಡರು. ನಾನು ದೂರದ ಜಿಲ್ಲೆಯಲ್ಲಿ ಸಮೀಕ್ಷೆಯಲ್ಲಿದ್ದೆ, ಮಣ್ಣಿಗೂ ಹೋಗಲಾಗಲಿಲ್ಲ. ಅವರಿಲ್ಲದೆ ಮನೆಮನೆಗೆ ಹೋಗುವುದು ಬೇಡವೆನಿಸಿ, ನಮ್ಮ ಸೀಮೆಯ ಮುಂದಿನದೊಂದು ಸುತ್ತು ಮುಗಿಸಿ ಕೆಲಸ ಬಿಟ್ಟುಬಿಡುವುದೆಂದು ನಿರ್ಧರಿಸಿದೆ. ಆ ಸುತ್ತಿನಲ್ಲಿ ಮೊಳಕಾಲ್ಮೂರಿನ ಅಜ್ಜಿಯ ಮನೆ ಮತ್ತೆ ಬಂತು. ಪ್ರಶ್ನೆ ಮುಗಿಸಿ, ಅಭ್ಯಾಸಬಲದಿಂದ, ಈಗ ನೀವು ಕೇಳ್ರಿ ಎಂದೆ.

"ಆ ಸಾಬರ ಅಮ್ಮ ಎಲ್ಲಿ?"

ಎದ್ದು ಹೋಗಬೇಕೆನಿಸಿತು. ಕೂತೇ ಇದ್ದೆ.

"ಇದ್ದರು ಅಜ್ಜಿ. ಈಗಿಲ್ಲ."

ಅವರು ನನ್ನ ಕೈಯನ್ನೂ ಹಿಡಿದುಕೊಂಡರು. ಆಮೇಲೆ, "ನೀನಾದ್ರೂ ಮತ್ತೆ ಬರ್ತೀಯೇನಮ್ಮ?" ಎಂದರು.

ಆಪಾ ಕಲಿಸಿದ ಹುಡುಗಿ ನಾನು, ಸುಳ್ಳು ಹೇಳುವಂತಿರಲಿಲ್ಲ. ಅದಕ್ಕೇ ಉತ್ತರಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

"ಬರ್ತೀನಜ್ಜಿ," ಎಂದೆ.