ಬೆಳಕಿಗಿಂತ ಮೊದಲೇ ಓಡಿದ ಕಣ್ಣು

ಆ ಕಣ್ಣಾಸ್ಪತ್ರೆಯಲ್ಲಿ ಅವಳ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಇನ್ಯಾರಿಗೂ ಬೇಕಾಗಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಚಾರ್ಟಕ್ಕ. ಒಂಬತ್ತನೇ ನಂಬರಿನ ಕೋಣೆ, ಒಂದು ಎತ್ತರದ ಕುರ್ಚಿ, ಎದುರು ಗೋಡೆಯಲ್ಲಿ ಬೆಳಗುವ ಅಕ್ಷರಗಳ ಚಾರ್ಟು, ಕೈಯಲ್ಲೊಂದು ಕೋಲು. ಇಪ್ಪತ್ತನಾಲ್ಕು ವರ್ಷ ಅವಳ ಅರ್ಧ ಸಂಸಾರ ಅಲ್ಲೇ ನಡೆದಿತ್ತು. ಬಂದವರು ಅಂದಾಜಿನ ಮೇಲೆ ಓದಲು ಹೊರಟರೆ ಸಾಕು, ಕೋಲು ಟಕ್ಕೆಂದು ನಿಲ್ಲುತ್ತಿತ್ತು.

"ಗೊತ್ತಿರೋದನ್ನ ಹೇಳ್ಬೇಡಿ ಯಜಮಾನ್ರೇ, ಕಾಣೋದನ್ನ ಹೇಳಿ. ಇಲ್ಲೇನು ಪರೀಕ್ಷೆ ಪಾಸ್ ಮಾಡೋಕೆ ಬಂದಿದ್ದೀರಾ?"

ಇಂಥ ಚಾರ್ಟಕ್ಕನೇ ಎಂಟು ತಿಂಗಳಿಂದ ಕಳ್ಳಾಟ ಆಡುತ್ತಿದ್ದಳು ಅಂದರೆ ಯಾರು ನಂಬುತ್ತಾರೆ? ಅವಳ ಎಡಗಣ್ಣಿನ ನಟ್ಟನಡುವೆ ಮಸಿಯ ತೊಟ್ಟು ಬಿದ್ದ ಹಾಗಾಗಿತ್ತು. ಆ ಕಣ್ಣಲ್ಲಿ ನೋಡಿದರೆ ಬಾಗಿಲ ಚೌಕಟ್ಟು ಸೊಂಟ ಬಳುಕಿಸಿ ನಿಂತಿರುತ್ತಿತ್ತು. ಅದೇನೆಂದು ಅವಳಿಗೆ ಗೊತ್ತಿಲ್ಲದೆ ಏನಿಲ್ಲ. ಇದೇ ಮಾತು ಹೇಳಿಕೊಂಡು ಬಂದ ಎಷ್ಟೋ ಜನರನ್ನು ಅವಳೇ ಅವಸರ ಮಾಡಿ ಮೇಲಿನ ಮಹಡಿಯ ಡಾಕ್ಟರ ಬಳಿಗೆ ಅಟ್ಟಿದ್ದಳು. ಆದರೆ ಚಾರ್ಟಿನ ಕೋಣೆಯಲ್ಲಿ ಕೆಲಸ ಮಾಡುವವರಿಗೆ ಎರಡೂ ಕಣ್ಣು ನೆಟ್ಟಗಿರಬೇಕೆಂಬುದು ಆಸ್ಪತ್ರೆಯ ಕಾನೂನು. ಕಣ್ಣು ಹೋಯಿತೆಂದರೆ ಕೋಣೆಯೂ ಹೋಯಿತು. ಆಮೇಲೆ ನೆಲಮಾಳಿಗೆಯ ದಾಖಲೆ ಕೋಣೆ, ಕಿಟಕಿಯಿಲ್ಲದ ಗೋಡೆ, ಧೂಳು ತಿಂದ ಫೈಲು. ಹಾಗಾಗಿ ವರ್ಷದ ತಪಾಸಣೆಯಲ್ಲಿ ಬಲಗಣ್ಣು ಮುಚ್ಚಿಕೊಂಡು, ಕೊನೆಯ ಸಾಲಿನವರೆಗೂ ನೀರು ಕುಡಿದ ಹಾಗೆ ಒಪ್ಪಿಸಿಬಿಟ್ಟಳು. ಇಪ್ಪತ್ತನಾಲ್ಕು ವರ್ಷದ ಬಾಯಿಪಾಠಕ್ಕೆ ಕಾಣುವ ದರ್ದೇನು?

ಮನೆಯಲ್ಲಿ ಟೈಲರ್ ಗಂಡನಿಗೆ ಮಾತ್ರ ವಾಸನೆ ಬಡಿದಿತ್ತು. ಅವನಿಗೆ ಹತ್ತಿರದ್ದು ಕಾಣದು. ದಿನಾ ಬೆಳಗ್ಗೆ ಅವಳೇ ಹತ್ತು ಸೂಜಿಗೆ ದಾರ ಪೋಣಿಸಿ, ಮೆತ್ತೆಗೆ ಸಾಲಾಗಿ ಚುಚ್ಚಿಟ್ಟು ಕೆಲಸಕ್ಕೆ ಹೊರಡುವಳು. ಈಚೆಗೆ ಒಂದು ಕಣ್ಣು ಮುಚ್ಚಿ ಪೋಣಿಸುವುದನ್ನು ಅವನು ಕತ್ತರಿ ಆಡಿಸುತ್ತಲೇ ಗಮನಿಸಿದ್ದ.

"ಏನೇ, ಎಡಗಣ್ಣು ರಜಾ ಹಾಕಿದ್ಯಾ?"

"ನಿಮ್ಮ ಸೂಜಿಗೆ ಇರೋದೂ ಒಂದೇ ಕಣ್ಣು. ಅದಕ್ಕೆ ನನ್ನದು ಎರಡ್ಯಾಕೆ ದಂಡ?"

"ತಮಾಷೆ ಸಾಕು. ಊರೋರ ಕಣ್ಣೆಲ್ಲ ನೋಡ್ತೀಯ, ನಿಂದೊಂದು ತೋರಿಸ್ಕೊ."

"ಈ ಸಮ್ಮೇಳನ ಒಂದು ಮುಗೀಲಿ," ಎಂದು ಚಪ್ಪಲಿ ಮೆಟ್ಟಿದಳು.

ಸಮ್ಮೇಳನವೆಂದರೆ ಸಣ್ಣಪುಟ್ಟದ್ದಲ್ಲ. ದೃಷ್ಟಿ ವಿಜ್ಞಾನದ ಮುನ್ನೂರು ಜನ ಪಂಡಿತರು ಆಸ್ಪತ್ರೆಯ ದೊಡ್ಡ ಸಭಾಂಗಣದಲ್ಲಿ ಮೂರು ದಿನ ಬೀಡುಬಿಟ್ಟಿದ್ದರು. ಹೊರಗಿನಿಂದ ಬಂದಿದ್ದ ಒಬ್ಬ ಪ್ರೊಫೆಸರಮ್ಮ ಹದಿನೈದು ವರ್ಷ ಒದ್ದಾಡಿ ಮಾಡಿದ ಯಂತ್ರವೊಂದನ್ನು ತಂದಿದ್ದರು. ಅದರಲ್ಲಿ ಓದಲು ಅಕ್ಷರಗಳೇ ಇಲ್ಲ. ಕತ್ತಲೆಯ ನಡುವೆ ಒಂದು ಚುಕ್ಕೆ. ಅದರ ಸುತ್ತ ಉಗುರಿನಷ್ಟು ಜಾಗದಲ್ಲಿ ಅಲ್ಲೊಮ್ಮೆ ಇಲ್ಲೊಮ್ಮೆ ಬೆಳಕು ಮಿನುಗುತ್ತದೆ. ಕಂಡರೆ ಕಣ್ಣು ತಾನಾಗಿ ಅತ್ತ ಓಡುತ್ತದೆ, ಕ್ಯಾಮೆರಾ ಅದನ್ನು ಹಿಡಿಯುತ್ತದೆ. ಮಾತು ಬಾರದ ಕೂಸನ್ನೂ ಪರೀಕ್ಷಿಸಬಹುದು.

"ಸುಳ್ಳು ಹೇಳೋಕೆ ನಾಲಿಗೆ ಬೇಕಲ್ವಾ?" ಎಂದು ಪ್ರೊಫೆಸರಮ್ಮ ನಕ್ಕಿದ್ದರು. "ನಮ್ಮ ಮಷೀನು ನಾಲಿಗೆನ ಕೇಳೋದೇ ಇಲ್ಲ."

ಚಾರ್ಟಕ್ಕನೂ ನಕ್ಕಿದ್ದಳು, ಗಂಟಲವರೆಗೆ ಮಾತ್ರ. ಎರಡು ದಿನ ಯಂತ್ರದ ಸೇವೆ ಅವಳದೇ. ಗಲ್ಲ ಇಡುವ ಬಟ್ಟಲನ್ನು ಸ್ಪಿರಿಟ್‌ನಲ್ಲಿ ಒರೆಸುವುದು, ಕೂತವರ ತಲೆಗೆ ಪಟ್ಟಿ ಬಿಗಿಯುವುದು, ಗುಂಡಿ ಒತ್ತಿ ಪರದೆ ನೋಡುತ್ತ ನಿಲ್ಲುವುದು. ಯಂತ್ರ ಹದಕ್ಕೆ ಬರಲೆಂದು ಮೊದಲ ಏಳು ಮಿನುಗು ಯಾವಾಗಲೂ ಒಂದೇ ಕ್ರಮದಲ್ಲಿ ಬರುತ್ತಿದ್ದವು. ಆಮೇಲಿನವು ಮನಸ್ಸಿಗೆ ಬಂದ ಹಾಗೆ. ಬೇಕೆಂದು ಕಲಿಯದಿದ್ದರೂ ಆ ಏಳು ಅವಳ ತಲೆಯಲ್ಲಿ ಕೂತುಬಿಟ್ಟವು.

ಮೂರನೇ ದಿನ ವೇದಿಕೆಯ ಮೇಲೆ ಪ್ರಾತ್ಯಕ್ಷಿಕೆ. ಕಣ್ಣು ತೋರಿಸಬೇಕಾಗಿದ್ದ ವಿದ್ಯಾರ್ಥಿನಿ ಜ್ವರವೆಂದು ಬರಲೇ ಇಲ್ಲ. ದೊಡ್ಡ ಡಾಕ್ಟರು ಮೈಕು ಹಿಡಿದವರು ಅತ್ತಿತ್ತ ನೋಡಿ, ಮೂಲೆಯಲ್ಲಿ ಸ್ಪಿರಿಟ್ ಬಾಟಲಿ ಹಿಡಿದು ನಿಂತಿದ್ದವಳನ್ನು ಕಂಡರು.

"ಹುಡುಕೋದ್ಯಾಕೆ? ನಮ್ಮ ಚಾರ್ಟಕ್ಕ ಇದ್ದಾಳೆ. ಹೋದ ತಿಂಗಳು ಕೊನೆ ಸಾಲಿನವರೆಗೂ ಓದಿದ ಕಣ್ಣು, ನಾನೇ ಸೈನ್ ಹಾಕಿದ್ದೀನಿ."

ಚಪ್ಪಾಳೆ ಬಿತ್ತು. ಚಾರ್ಟಕ್ಕ ಬಾಟಲಿಯನ್ನು ಎದೆಗೊತ್ತಿಕೊಂಡು ಹಿಂದೆ ಸರಿದಳು.

"ಸಾರ್, ನಾನು ಒರೆಸೋಳು, ಕೂರೋಳಲ್ಲ."

"ಹತ್ತು ನಿಮಿಷ ಕೂತ್ಕೊಳಮ್ಮ. ನಾಚ್ಕೊಳೋಕೆ ಇದೇನು ಹೆಣ್ಣು ನೋಡೋ ಶಾಸ್ತ್ರನಾ?"

ಸಭೆಯೆಲ್ಲ ನಕ್ಕಿತು. ನಗುವಿನ ನಡುವೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಎರಡು ದಿನ ಬೇರೆಯವರಿಗೆ ಬಿಗಿದ ಪಟ್ಟಿ ಈಗ ಅವಳ ಹಣೆಗೇ ಬಂತು. ಗಲ್ಲ ಬಟ್ಟಲಲ್ಲಿ ಕೂತಿತು. ಹಿಂದಿನ ಗೋಡೆಯ ಪರದೆಯ ಮೇಲೆ ಅವಳ ಕಣ್ಣು ಗಾಡಿಚಕ್ರದಷ್ಟು ದೊಡ್ಡದಾಗಿ ಮೂಡಿತು. ತಲೆ ಅಲುಗದು, ಬಾಗಿಲು ಎತ್ತ ಇದೆಯೆಂದು ಕಾಣದು. ಅವಳ ಮೈಯಲ್ಲಿ ಆಡಿಸಬಹುದಾಗಿದ್ದುದು ಆ ಕಣ್ಣೊಂದೇ, ಮುನ್ನೂರು ಜನ ನೋಡುತ್ತಿದ್ದುದೂ ಅದನ್ನೇ.

ಬಲಗಣ್ಣು ಸಲೀಸಾಗಿ ಪಾಸಾಯಿತು. ಮತ್ತೆ ಚಪ್ಪಾಳೆ. "ಈಗ ಎಡಗಣ್ಣು," ಎನ್ನುತ್ತ ಪ್ರೊಫೆಸರಮ್ಮ ಬಲಗಣ್ಣಿಗೆ ಕಪ್ಪು ಮುಚ್ಚಳ ಇಟ್ಟರು.

ನಡುವಿನ ಚುಕ್ಕೆ ಇರಬೇಕಾದ ಕಡೆ ಮಸಿ ಕೂತಿತ್ತು. ತಲೆ ಸುತ್ತುತ್ತದೆ ಅಂದುಬಿಡಲೇ ಎಂದು ಯೋಚಿಸಿದಳು. ಅಂದರೆ ಮುನ್ನೂರು ಜನ ಕಣ್ಣಿನ ಡಾಕ್ಟರು ಒಟ್ಟಿಗೇ ಟಾರ್ಚು ಹಿಡಿದು ವೇದಿಕೆ ಏರುತ್ತಾರೆ. ಉಳಿದದ್ದು ಬಾಯಿಪಾಠ. ಮೇಲೆ ಬಲ, ಕೆಳಗೆ ಎಡ, ಪಕ್ಕ, ಮತ್ತೆ ಮೇಲೆ... ಮನಸ್ಸಿನಲ್ಲೇ ತಾಳ ಹಾಕಿಕೊಂಡು ಕಣ್ಣು ಓಡಿಸತೊಡಗಿದಳು.

ನಾಲ್ಕನೆಯದಕ್ಕೆ ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಪರದೆಯ ಅಂಚಿನಲ್ಲಿ ಬೆಳಕಿನ ಮಿನುಗು, ಕಣ್ಣಿನ ಓಟ ಎರಡನ್ನೂ ಬರೆಯುತ್ತಿದ್ದ ಗೆರೆಗಳ ಹತ್ತಿರ ಪ್ರೊಫೆಸರಮ್ಮ ಹೋಗಿ ನೋಡಿದರು.

"ಹದಿನೈದು ವರ್ಷದಲ್ಲಿ ಇಂಥ ಚುರುಕು ಕಣ್ಣು ನೋಡಿಲ್ಲ. ಬೆಳಕು ಬರೋಕೆ ಮುಂಚೇನೇ ಹೋಗಿ ಕಾಯ್ತಾ ಇದೆ."

ಸಭೆ ಗೊಳ್ಳೆಂದಿತು. ಚಾರ್ಟಕ್ಕ ತಾಳ ಬಿಡಲಿಲ್ಲ. ಐದು, ಆರು, ಏಳು. ಎಂಟನೆಯದು ಎಲ್ಲಿ ಬಂತೋ, ಕಣ್ಣು ಕದಲಲಿಲ್ಲ. ಒಂಬತ್ತು, ಹತ್ತು, ಹದಿನೈದು. ಪರದೆಯ ಮೇಲಿನ ಗಾಡಿಚಕ್ರ ಹೂತುಹೋದ ಹಾಗೆ ನಿಂತೇ ಇತ್ತು. ನಗು ಒಂದೊಂದೇ ಸಾಲಿನಲ್ಲಿ ಆರುತ್ತಾ ಬಂತು.

ದೊಡ್ಡ ಡಾಕ್ಟರು ಮೈಕಿಗೆ ಅಂಗೈ ಅಡ್ಡ ಹಿಡಿದು ಅವಳ ಕಿವಿಯ ಹತ್ತಿರ ಬಗ್ಗಿದರು. "ಮಷೀನ್ ಕೈ ಕೊಡ್ತು ಅಂದ್ಬಿಡ್ತೀನಿ. ಮೆಲ್ಲಗೆ ಎದ್ಬಿಡು."

ತಪ್ಪಿಸಿಕೊಳ್ಳುವ ಬಾಗಿಲು ಇಷ್ಟು ಸುಲಭವಾಗಿ ತೆರೆಯಿತು. ಎಡಗಣ್ಣಿನ ಓರೆಯಲ್ಲಿ ಮಾತ್ರ ಅವಳಿಗೆ ಇನ್ನೂ ಕಾಣುತ್ತಿತ್ತು. ಆ ಓರೆಯಲ್ಲಿ ಪ್ರೊಫೆಸರಮ್ಮನ ಕೈ. ಅದು ಹಿಡಿದಿದ್ದ ಕಾಗದವನ್ನು ಮಡಿಸುತ್ತಿತ್ತು, ಬಿಚ್ಚುತ್ತಿತ್ತು, ಮತ್ತೆ ಮಡಿಸುತ್ತಿತ್ತು. ಮುನ್ನೂರು ಜನರೆದುರು ಯಂತ್ರ ಕೆಟ್ಟಿದೆ ಅಂದರೆ ಹದಿನೈದು ವರ್ಷ ಅಲ್ಲಿಗೆ ಮಣ್ಣುಪಾಲು. ಕೆಟ್ಟಿದ್ದು ಯಾವುದೆಂದು ಆ ಸಭಾಂಗಣದಲ್ಲಿ ಸರಿಯಾಗಿ ಗೊತ್ತಿದ್ದುದು ಚಾರ್ಟಕ್ಕನೊಬ್ಬಳಿಗೇ.

"ಮಷೀನ್ ಸರಿಯಾಗಿದೆ ಸಾರ್," ಎಂದಳು. ಗಲ್ಲ ಬಟ್ಟಲಲ್ಲಿ ಸಿಕ್ಕಿಕೊಂಡಿದ್ದರಿಂದ ಮಾತು ಹಲ್ಲಿನ ಸಂದಿಯಿಂದ ಬಂತು. "ಮೊದಲ ಏಳು ನಂಗೆ ಬಾಯಿಪಾಠ. ಆಮೇಲಿನವು ಕಾಣ್ಲಿಲ್ಲ."

ಪ್ರೊಫೆಸರಮ್ಮ ಹತ್ತಿರ ಬಂದು ಕುಕ್ಕರಗಾಲಿನಲ್ಲಿ ಕೂತರು. "ಈಗ ಏನು ಕಾಣ್ತಿದೆ, ಅದನ್ನ ಹೇಳಿ."

"ನಡುವೆ ಮಸಿ. ಸುತ್ತ ಎಲ್ಲ ಗೆರೆ ಡೊಂಕು."

"ಎಷ್ಟು ದಿನ ಆಯ್ತು?"

"ಎಂಟು ತಿಂಗಳು."

ಮುಂದಿನ ಸಾಲಿನಲ್ಲಿ ಯಾರೋ ನಿಟ್ಟುಸಿರು ಬಿಟ್ಟರು. ಎಂಟು ವಾರಕ್ಕೇ ತೋರಿಸಿದ್ದರೆ ಕಣ್ಣು ಉಳಿಯುತ್ತಿತ್ತು ಎಂದು ಅಲ್ಲಿ ಪ್ರತಿಯೊಬ್ಬರಿಗೂ ಗೊತ್ತಿತ್ತು, ಅವಳಿಗೂ. ಪಟ್ಟಿ ಬಿಚ್ಚಲು ಮಾತ್ರ ಯಾರೂ ಬರಲಿಲ್ಲ. "ಒಂದೇ ನಿಮಿಷ ಹಾಗೇ ಇರಿ ಅಮ್ಮ," ಎಂದು ಮೂರನೇ ಸಾಲಿನಿಂದ ಒಂದು ದನಿ ಬಂತು. ಇನ್ನೊಂದು ಸುತ್ತು ಬೆಳಕು ಹಾಯಿಸಿದರು. ಮತ್ತೊಂದು ಸುತ್ತು. ಪೆನ್ನುಗಳು ಸರಪರ ಓಡಿದವು. ಅವಳು ಇದ್ದ ಹಾಗೇ ಇದ್ದಳು.

ಕೊನೆಗೆ ಪಟ್ಟಿ ಬಿಚ್ಚಿದ್ದು ದೊಡ್ಡ ಡಾಕ್ಟರೇ. "ತಪಾಸಣೇಲಿ ನಾನೇ ಕೇಳಿದ್ನಲ್ಲ, ಆಗ್ಲೇ ಹೇಳ್ಬಾರ್ದಿತ್ತಾ?"

"ನೀವು ನನ್ನ ಕೇಳಿದ್ರಿ ಸಾರ್. ಈಯಮ್ಮ ಕಣ್ಣನ್ನ ಕೇಳಿದ್ರು."

ಸಂಜೆ ಮನೆಯಲ್ಲಿ ಗಂಡ ಹೊಲಿಗೆ ನಿಲ್ಲಿಸಿ ನೋಡಿದ. "ಹಣೆ ಮೇಲೇನೇ ಕೆಂಪು ಗೀಟು?"

"ಸನ್ಮಾನ ಮಾಡಿದ್ರು," ಎಂದಳು. ಆಮೇಲೆ ಎಲ್ಲ ಹೇಳಿದಳು. ಅವನು ಬಯ್ಯಲಿಲ್ಲ. ಬಯ್ದಿದ್ದರೆ ಹಗುರವಾಗುತ್ತಿತ್ತು.

ಅದೇ ವಾರ ಕಣ್ಣಿಗೆ ಇಂಜೆಕ್ಷನ್ ಶುರುವಾಯಿತು. ಉಳಿದದ್ದು ಉಳಿಯಬಹುದು, ಹೋದದ್ದು ಹೋಯಿತು ಎಂದರು. ಒಂಬತ್ತನೇ ಕೋಣೆಯ ಕೋಲು ಬೇರೆಯವರ ಕೈಗೆ ಹೋಯಿತು. ಈಗ ಅವಳಿಗೆ ನೆಲಮಾಳಿಗೆ, ಕಿಟಕಿಯಿಲ್ಲದ ಗೋಡೆ, ಫೈಲು. ದಿನಾ ಬೆಳಗ್ಗೆ ದೀಪ ಹಾಕಿದ ಕೂಡಲೇ ಬಲಗಣ್ಣು ಮುಚ್ಚಿಕೊಂಡು ಕಬ್ಬಿಣದ ಕಪಾಟಿನ ಅಂಚನ್ನು ನೋಡುತ್ತಾಳೆ. ನಿನ್ನೆ ಎಷ್ಟು ಡೊಂಕೋ ಇವತ್ತೂ ಅಷ್ಟೇ ಇದ್ದರೆ, ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗೀಟು ಎಳೆದು ಮೊದಲ ಫೈಲಿಗೆ ಕೈ ಹಾಕುತ್ತಾಳೆ.